ಗೋಡೆ ಮೇಲೆ ಚಿತ್ರ ದೊಡ್ಡದು ಮಾಡುವುದು: ಟೇಪು, ನೂಲು, ಸೀಮೆಸುಣ್ಣ ಇದ್ದರೆ ಸಾಕು

ಪ್ರತಿ ಬೇಸಿಗೆ ರಜೆಯಲ್ಲಿ ಯಾರಾದರೊಬ್ಬರು ನನಗೆ ಫೋಟೊ ಕಳಿಸುತ್ತಾರೆ. ಶಾಲೆ ಗೋಡೆ, ಅಂಗನವಾಡಿ ಗೋಡೆ, ಕೆಲವೊಮ್ಮೆ ಮನೆಯ ಹಾಲ್. "ಚೌಕ ಹಾಕಿಯೇ ಬಿಡಿಸಿದ್ದೀವಿ, ಆದ್ರೂ ಮುಖ ಒಂದು ಕಡೆ ಜಗ್ಗಿದ ಹಾಗಿದೆ, ಯಾಕೆ?" ಅಂತ ಪ್ರಶ್ನೆ. (ಚೌಕ ಹಾಕುವುದು ಅಂದರೆ ಹಾಳೆಯ ಚಿತ್ರದ ಮೇಲೆ ಸಣ್ಣ ಚೌಕ, ಗೋಡೆ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕ ನೋಡಿಕೊಂಡು ಬಿಡಿಸುವುದು.) ಫೋಟೊ ನೋಡಿದರೆ ಬಹುತೇಕ ಸಲ ಕೈ ಚೆನ್ನಾಗಿಯೇ ಇರುತ್ತದೆ. ತಪ್ಪು ಚಿತ್ರ ಶುರು ಮಾಡುವ ಮೊದಲೇ, ಗೋಡೆ ಮೇಲೆ ಚೌಕ ಹಾಕುವಾಗಲೇ ಆಗಿಹೋಗಿರುತ್ತದೆ. ಅದಕ್ಕೇ ಇಲ್ಲಿ ಚಿತ್ರ ಬಿಡಿಸುವುದಕ್ಕಿಂತ ಗೆರೆ ಹಾಕುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಬೇಜಾರಾಗಬೇಡಿ.

ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ. ಕೇದಗೆ ಮುಂದಲೆ (ತಲೆಗೆ ಕಟ್ಟುವ ಒಂದು ಥರದ ಮುಂಡಾಸು) ಕಟ್ಟಿದ ಯಕ್ಷಗಾನ ವೇಷ, ತಲೆಯಿಂದ ಎದೆವರೆಗೆ. ಎಡ ಬಲ ಎರಡೂ ಒಂದೇ ಥರ ಇರುವ ಚಿತ್ರ ಇದು, ಸ್ವಲ್ಪ ವಾಲಿದರೂ ಮಕ್ಕಳೇ ಹೇಳಿಬಿಡುತ್ತಾರೆ. ಇದು ಸರಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಏನೇನು ಬೇಕು

ಅಳತೆ ಟೇಪು ಒಂದು. ಕೆಲಸ ಮುಗಿಯುವವರೆಗೆ ಅದೇ ಟೇಪು, ಮಧ್ಯದಲ್ಲಿ ಬೇರೆಯವರದ್ದು ತೆಗೆದುಕೊಳ್ಳಬೇಡಿ. ಅದರ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತಲ್ಲ, ಅದು ಹಾಳಾಗಿರುವುದಲ್ಲ. ಕೊಕ್ಕೆಯ ದಪ್ಪದಷ್ಟು ಅಲ್ಲಾಡಲಿ ಅಂತಲೇ ಮಾಡಿರುತ್ತಾರೆ. ಅದನ್ನು ಬಡಿದು ಬಿಗಿ ಮಾಡಿದ ಪುಣ್ಯಾತ್ಮರನ್ನು ನೋಡಿದ್ದೇನೆ.

ಗಟ್ಟಿ ಹತ್ತಿ ನೂಲು. ನೈಲಾನ್ ಬೇಡ, ಪುಡಿ ಹಿಡಿಯುವುದಿಲ್ಲ. ಬಣ್ಣದ ಸೀಮೆಸುಣ್ಣ ಕುಟ್ಟಿದ ಪುಡಿ. ತೂಗುಗುಂಡು, ಇಲ್ಲದಿದ್ದರೆ ದಾರಕ್ಕೆ ದೊಡ್ಡ ನಟ್ ಕಟ್ಟಿದರೂ ಆಯ್ತು. ಗಾರೆ ಕೆಲಸದವರು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪು, ಹತ್ತಡಿ ಸಾಕು. ರಸಮಟ್ಟ (ಒಳಗಿನ ಗುಳ್ಳೆ ನೋಡಿ ಮಟ್ಟ ಹಿಡಿಯುವ ಪಟ್ಟಿ) ಇದ್ದರೆ ಇರಲಿ, ಆದರೆ ಒಂದಡಿ ರಸಮಟ್ಟ ಇಟ್ಟು ಐದಡಿ ಗೆರೆ ಎಳೆಯಲು ಹೋಗಬೇಡಿ. ಮತ್ತೆ ಸ್ಕೇಲು, ಸಣ್ಣ ಮೊನೆಯ ಪೆನ್ನು, ಹಳೆ ಲಗ್ನಪತ್ರಿಕೆ ಒಂದು (ತಮಾಷೆ ಅಲ್ಲ, ಮುಂದೆ ಬೇಕಾಗುತ್ತದೆ), 4ನೇ ನಂಬರಿನ ಗುಂಡು ಬ್ರಷ್. ಮುಖ್ಯವಾಗಿ ಇನ್ನೊಬ್ಬರು ಜೊತೆಗಿರಬೇಕು. ನೂಲು ಹಿಡಿಯಲು ಎರಡು ಕೈ ಸಾಲುವುದಿಲ್ಲ.

ರಟ್ಟಿನ ಡಬ್ಬಕ್ಕೆ ಭೂತಗನ್ನಡಿ ಅಂಟಿಸಿ ಮೊಬೈಲ್ ಇಟ್ಟು ಪ್ರೊಜೆಕ್ಟರ್ ಮಾಡುವ ವಿಡಿಯೊಗಳಿವೆಯಲ್ಲ, ನಾನೂ ಒಂದು ಭಾನುವಾರ ಅದರಲ್ಲೇ ಕಳೆದೆ. ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಕತ್ತಲೆ ಕೋಣೆಯಲ್ಲೂ ಮಂಕಾಗಿ ಕಾಣುತ್ತದೆ, ಅಂಚು ಮಸುಕು. ಬಿಡಿ ಅದನ್ನು.

ಹಂತ 1: ಗೋಡೆ ಚಿತ್ರಕ್ಕೆ ರೆಡಿ ಇದೆಯಾ ನೋಡಿ

ಗೋಡೆ ಮೇಲೆ ಅಂಗೈ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಹೊಡೆದ ಗೋಡೆ, ಅದರ ಮೇಲೆ ನೇರವಾಗಿ ಬಣ್ಣ ಹಚ್ಚಿದರೆ ಪದರಪದರವಾಗಿ ಏಳುತ್ತದೆ. ಕೆರೆದು, ಉಜ್ಜಿ, ಪ್ರೈಮರ್ ಹೊಡೆಯಬೇಕು. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ ನಾಲ್ಕು ವಾರ ಒಣಗಲು ಬಿಡಿ.

ತೇವ ಇದೆ ಅಂತ ಅನುಮಾನ ಇದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗಡೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಒದ್ದೆ. ಬುಡದಲ್ಲಿ ಬಿಳಿ ಉಪ್ಪು ಹೂವಿನ ಥರ ಎದ್ದಿದ್ದರೆ ಪರೀಕ್ಷೆಯೂ ಬೇಡ, ನೀರು ಎಲ್ಲಿಂದ ಬರುತ್ತಿದೆ ನೋಡಿ ಸರಿಮಾಡಿಸಿ, ಇಲ್ಲವೇ ಬೇರೆ ಗೋಡೆ ಹುಡುಕಿ. ಹೊರಗಿನ ಗೋಡೆಗೆ ಮಳೆಗಾಲದಲ್ಲಿ ಕೈ ಹಾಕಬೇಡಿ, ಅದರಲ್ಲೂ ಮಲೆನಾಡಿನವರು.

ಬೆಳಿಗ್ಗೆಯೋ ಸಂಜೆಯೋ ಓರೆ ಬಿಸಿಲು ಬೀಳುವಾಗ ಗೋಡೆಯನ್ನು ಪಕ್ಕದಿಂದ ನೋಡಿ. ಉಬ್ಬು ತಗ್ಗು ಎಲ್ಲ ಆಗ ಕಾಣುತ್ತದೆ. ಮುಖ ಬರುವ ಜಾಗದಲ್ಲಿ ದೊಡ್ಡ ಉಬ್ಬಿದ್ದರೆ ಚಿತ್ರವನ್ನೇ ಸ್ವಲ್ಪ ಆಚೆ ಜರುಗಿಸಿ.

ಹಂತ 2: ಲೆಕ್ಕ ಮೊದಲು, ಗೆರೆ ಆಮೇಲೆ

ಚಿತ್ರವನ್ನು ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿಸಿ. ಜೆರಾಕ್ಸ್ ಅಂಗಡಿಯವರಿಗೆ "ಪೇಜ್ ತುಂಬಾ ಬರೋ ಹಾಗೆ ಎಳೀಬೇಡಿ" ಅಂತ ಬಾಯಿಬಿಟ್ಟು ಹೇಳಿ. ಅಡ್ಡ ಬೇರೆ ಉದ್ದ ಬೇರೆ ಎಳೆದರೆ ಮುಖ ಅಲ್ಲೇ ಕೆಡುತ್ತದೆ, ಆಮೇಲೆ ನೀವು ಎಷ್ಟು ಸರಿಯಾಗಿ ಬಿಡಿಸಿದರೂ ಕೆಟ್ಟ ಮುಖವೇ ದೊಡ್ಡದಾಗುತ್ತದೆ. ಮೊಬೈಲ್ ನೋಡಿಕೊಂಡೇ ಬಿಡಿಸುತ್ತೇನೆ ಅನ್ನುವವರೇ, ಬೇಡ. ಒಂದು ಸಲ ಬೆರಳು ತಾಗಿ ಜೂಮ್ ಆದರೆ ಎಲ್ಲಿದ್ದೆ ಅಂತ ಗೊತ್ತಾಗುವುದಿಲ್ಲ.

ಎ4 ಹಾಳೆಯಲ್ಲಿ ಅಂಚು ಬಿಟ್ಟರೆ 8 ಇಂಚು ಅಗಲ, 11 ಇಂಚು ಎತ್ತರದ ಜಾಗ ಸಿಗುತ್ತದೆ. ಈಗ ಗೋಡೆ. ನಮ್ಮ ಉದಾಹರಣೆಯ ಗೋಡೆ 10 ಅಡಿ ಎತ್ತರ. ಕೆಳಗಿನ 2 ಅಡಿ ಬಿಡಿ, ಮಳೆ ನೀರು ಸಿಡಿಯುವುದು, ಮಕ್ಕಳು ಕಾಲು ಒರಗಿಸಿ ನಿಲ್ಲುವುದು ಅಲ್ಲೇ. ಮೇಲೆ 1 ಅಡಿ ಬಿಡಿ. ಉಳಿದದ್ದು 7 ಅಡಿ, ಅಂದರೆ 84 ಇಂಚು. 84ನ್ನು 11ರಿಂದ ಭಾಗಿಸಿದರೆ 7.6. ಪಾಯಿಂಟ್ ಬಿಟ್ಟುಬಿಡಿ, 7 ಇಟ್ಟುಕೊಳ್ಳಿ. ಚಿತ್ರದ 1 ಇಂಚಿಗೆ ಗೋಡೆಯ 7 ಇಂಚು. ಅಗಲ 56 ಇಂಚು, ಎತ್ತರ 77 ಇಂಚು. 8 ಅಡ್ಡ, 11 ಉದ್ದ, ಒಟ್ಟು 88 ಚೌಕ.

ಇಲ್ಲಿ ಜನ ಮಾಡುವ ತಪ್ಪು: "ಗೋಡೆ ಅಗಲ 6 ಅಡಿ ಖಾಲಿ ಇದೆ, ಪೂರ್ತಿ ತುಂಬಿಸೋಣ" ಅಂತ ಅಡ್ಡಕ್ಕೆ 9 ಇಂಚು, ಉದ್ದಕ್ಕೆ 7 ಇಂಚು ಲೆಕ್ಕ ಹಾಕುವುದು. ಹಾಗೆ ಮಾಡಿದರೆ ಚೌಕ ಚೌಕವಾಗಿ ಉಳಿಯುವುದಿಲ್ಲ, ವೇಷ ಗುಂಡುಗುಂಡಾಗುತ್ತದೆ. ಜಾಗ ಉಳಿದರೆ ಉಳಿಯಲಿ, ಪಕ್ಕದಲ್ಲಿ ಬಳ್ಳಿ ಬಿಡಿಸಿ.

ಹಂತ 3: ಹಾಳೆ ಮೇಲೆ ಚೌಕ

ಪ್ರಿಂಟ್ ಮೇಲೆ ಒಂದೊಂದು ಇಂಚಿಗೆ ಗೆರೆ ಎಳೆಯಿರಿ. ಮೊನೆ ಸಣ್ಣದಿರಲಿ, ಗೆರೆಯೇ ದಪ್ಪವಾದರೆ ಅದರ ಯಾವ ಅಂಚಿನಿಂದ ಅಳೆಯಬೇಕು ಅಂತಲೇ ಗೊಂದಲ. ಚಿತ್ರ ಹಾಳು ಮಾಡಲು ಮನಸ್ಸಿಲ್ಲದಿದ್ದರೆ ಪ್ಲಾಸ್ಟಿಕ್ ಫೈಲ್ ಕವರಿನೊಳಗೆ ಹಾಕಿ ಕವರಿನ ಮೇಲೆ ಎಳೆಯಿರಿ, ಆದರೆ ಒಳಗೆ ಹಾಳೆ ಜಾರದ ಹಾಗೆ ಎರಡು ಕಡೆ ಅಂಟಿಸಿ.

ಅಡ್ಡಕ್ಕೆ ಅಕ್ಷರ: ಕ, ಖ, ಗ, ಘ, ಚ, ಛ, ಜ, ಝ. ಉದ್ದಕ್ಕೆ ಅಂಕಿ, ಕೆಳಗಿಂದ ಮೇಲಕ್ಕೆ 1ರಿಂದ 11. ಕೆಳಗಿಂದ ಯಾಕೆ ಅಂದರೆ ಗೋಡೆ ಮೇಲೆ ನಾವು ಅಳತೆ ಶುರು ಮಾಡುವುದು ಕೆಳಗಿಂದ. ಮುಖದ ಭಾಗದ ಚೌಕಗಳನ್ನು ಮತ್ತೆ ನಾಲ್ಕು ಭಾಗ ಮಾಡಿ, ಅರ್ಧ ಇಂಚಿನ ಮರಿ ಚೌಕ. ಎದೆ, ಭುಜ, ಹಿನ್ನೆಲೆಗೆ ಇದು ಬೇಡ. ಎಲ್ಲಾ ಕಡೆ ಮರಿ ಚೌಕ ಹಾಕಿ ಗೆರೆಗಳ ಕಾಡು ಮಾಡಿಕೊಂಡು, ಎಲ್ಲಿದ್ದೇನೆ ಅಂತ ತಿಳಿಯದೆ ಒದ್ದಾಡುವವರೂ ಇದ್ದಾರೆ.

ಹಂತ 4: ಬುಡದ ಗೆರೆ — ಎಲ್ಲಾ ಎಡವಟ್ಟು ಶುರುವಾಗುವುದು ಇಲ್ಲೇ

ನಾನು ಮೊದಲು ಬಿಡಿಸಿದ್ದು ಶಾಲೆಯ ಜಗಲಿಯ ಗೋಡೆಯಲ್ಲಿ ಒಂದು ಆನೆ. ನೆಲದಿಂದ ಎರಡಡಿ ಮೇಲೆ ಎರಡು ಕಡೆ ಗುರುತು ಮಾಡಿ ಗೆರೆ ಎಳೆದೆ. ಚೌಕ ಎಲ್ಲ ಹಾಕಿ, ಎರಡು ದಿನ ಬಿಡಿಸಿ, ದೂರ ಬಂದು ನೋಡಿದರೆ ಆನೆ ಬೆಟ್ಟ ಇಳಿಯುತ್ತಿದೆ. ಜಗಲಿಯ ನೆಲಕ್ಕೆ ನೀರು ಹರಿದು ಹೋಗಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ನೆಲವನ್ನು, ಚಾವಣಿಯನ್ನು, ಕಿಟಕಿ ಚೌಕಟ್ಟನ್ನು ಯಾವುದನ್ನೂ ನಂಬಬೇಡಿ.

ಲೆವೆಲ್ ಪೈಪಿಗೆ ನೀರು ತುಂಬಿ. ಒಳಗೆ ಗುಳ್ಳೆ ಇರಬಾರದು, ಇದ್ದರೆ ಬೆರಳಲ್ಲಿ ತಟ್ಟಿ ಹೊರಗೆ ಬಿಡಿ. ಎರಡೂ ತುದಿ ತೆರೆದೇ ಇರಬೇಕು, ಒಂದನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡರೆ ಮಟ್ಟ ಸುಳ್ಳು ಹೇಳುತ್ತದೆ. ಮಧ್ಯದಲ್ಲಿ ಯಾರೂ ಪೈಪು ತುಳಿಯಬಾರದು. ನೆಲದಿಂದ ಎರಡಡಿ ಎತ್ತರದಲ್ಲಿ, ಚಿತ್ರ ಶುರುವಾಗುವ ಕಡೆ ಒಂದು ಗುರುತು ಹಾಕಿ. ಒಬ್ಬರು ನೀರಿನ ಮಟ್ಟ ಆ ಗುರುತಿಗೆ ಸೇರುವ ಹಾಗೆ ಹಿಡಿಯಲಿ, ಇನ್ನೊಬ್ಬರು ಚಿತ್ರ ಮುಗಿಯುವ ಕಡೆ ಹಿಡಿಯಲಿ, ನೀರು ಅಲ್ಲಾಡುವುದು ನಿಲ್ಲುವವರೆಗೆ ಕಾದು ಅಲ್ಲಿನ ಮಟ್ಟಕ್ಕೆ ಗುರುತು ಹಾಕಿ.

ಈಗ ನೂಲಿಗೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ಗುರುತಿಗೆ ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ನೂಲನ್ನು ಗೋಡೆಯಿಂದ ನೇರ ಹಿಂದಕ್ಕೆ ಎಳೆದು ಬಿಡಿ. ಟಪ್ ಅಂತ ಗೆರೆ ಬೀಳುತ್ತದೆ. ಬಡಗಿಗಳು ನೂಲು ಹೊಡೆಯುವುದು ಅನ್ನುವುದು ಇದಕ್ಕೇ. ಮೇಲಕ್ಕೋ ಕೆಳಕ್ಕೋ ಓರೆಯಾಗಿ ಎಳೆದು ಬಿಟ್ಟರೆ ಗೆರೆ ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಸಲಕ್ಕೆ ಒಂದೇ ಏಟು. ಸರಿಯಾಗಿ ಕಾಣಲಿಲ್ಲ ಅಂತ ಎರಡನೇ ಸಲ ಹೊಡೆದರೆ ಎರಡು ಗೆರೆ ಆಗುತ್ತದೆ, ಒರೆಸಿ ಮತ್ತೆ ಹೊಡೆಯಿರಿ.

ಪುಡಿ ವಿಷಯದಲ್ಲಿ ಎಚ್ಚರ. ಅಡುಗೆಮನೆಯ ಅರಿಶಿನ ಬೇಡವೇ ಬೇಡ, ಕಲೆ ಬಿಡುತ್ತದೆ. ಕುಂಕುಮ, ಬಟ್ಟೆಗೆ ಹಾಕುವ ನೀಲಿಯೂ ಅಷ್ಟೇ. ಯಾವ ಪುಡಿಯಾದರೂ ಮೂಲೆಯಲ್ಲಿ ಒಂದು ಗೆರೆ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ.

ಹಂತ 5: ಲಂಬ ಗೆರೆ ಮತ್ತು ಹೊರಚೌಕಟ್ಟು

ಬುಡದ ಗೆರೆಯ ಎಡತುದಿಯ ನೇರಕ್ಕೆ ಮೇಲಿಂದ ತೂಗುಗುಂಡು ಬಿಡಿ. ಗುಂಡು ಗೋಡೆಗೆ ತಾಗಬಾರದು, ಕೂದಲೆಳೆಯಷ್ಟು ದೂರದಲ್ಲಿ ತೂಗಬೇಕು. ಗಾಳಿಯಿದ್ದರೆ ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ತೂಗಾಟ ಬೇಗ ನಿಲ್ಲುತ್ತದೆ. ದಾರದ ಗುಂಟ ಮೇಲೆ ಕೆಳಗೆ ಎರಡು ಗುರುತು, ನೂಲು ಹೊಡೆದು ಗೆರೆ. ಬುಡದ ಗೆರೆಯಲ್ಲಿ ಎಡತುದಿಯಿಂದ 56 ಇಂಚು ಅಳೆದು, ಅಲ್ಲೂ ಹೀಗೇ.

ಮೂಲೆ ಸರಿ ಇದೆಯಾ ನೋಡಲು 3-4-5. ಮೂಲೆಯಿಂದ ಬುಡದ ಗೆರೆಯಲ್ಲಿ 3 ಅಡಿ, ಲಂಬ ಗೆರೆಯಲ್ಲಿ 4 ಅಡಿ ಗುರುತು ಹಾಕಿ, ಎರಡೂ ಗುರುತುಗಳ ನಡುವೆ ಓರೆಯಾಗಿ ಅಳೆದರೆ 5 ಅಡಿ ಬರಬೇಕು. ಆಮೇಲೆ ಎರಡೂ ಲಂಬದಲ್ಲಿ 77 ಇಂಚಿಗೆ ಗುರುತು ಹಾಕಿ ಮೇಲಿನ ಗೆರೆ ಹೊಡೆಯಿರಿ.

ಈಗ ಮೂಲೆಯಿಂದ ಮೂಲೆಗೆ ಓರೆ ಅಳತೆ. ನಮ್ಮ 56 × 77 ಚೌಕಟ್ಟಿಗೆ ಎರಡೂ ಕಡೆ 95 ಇಂಚಿನ ಮೇಲೆ ಸುಮಾರು ಕಾಲಿಂಚು ಬರಬೇಕು. ಎರಡಕ್ಕೂ ಕಾಲಿಂಚಿನವರೆಗೆ ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಒಂದು ಇಂಚು ವ್ಯತ್ಯಾಸ ಬಂದರೆ ಮುಂದೆ ಹೋಗಲೇಬೇಡಿ. "ಇರಲಿ ಬಿಡು, ಬಿಡಿಸುವಾಗ ಅಡ್ಜಸ್ಟ್ ಮಾಡೋಣ" ಅಂತ ಪಕ್ಕದವರು ಹೇಳುತ್ತಾರೆ. ಆಗುವುದಿಲ್ಲ. ಒರೆಸಿ, ಮತ್ತೆ ಹಾಕಿ. ಅರ್ಧ ಗಂಟೆ ಹೋಗುತ್ತದೆ ಅಷ್ಟೇ.

ಹಂತ 6: ಒಳಗಿನ ಚೌಕಗಳು

ಟೇಪನ್ನು ಮೂಲೆಯಲ್ಲಿ ಇಟ್ಟು, ಎತ್ತದೆ, ಎಲ್ಲಾ ಗುರುತು ಒಂದೇ ಸಲ ಹಾಕಿ: 7, 14, 21, 28, 35, 42, 49, 56. ಉದ್ದಕ್ಕೂ ಹೀಗೇ 77ರವರೆಗೆ. ನಾಲ್ಕೂ ಅಂಚಿಗೆ ಗುರುತು ಬೇಕು.

ಏಳಿಂಚಿನ ಸ್ಕೇಲೋ ಕಡ್ಡಿಯೋ ಇಟ್ಟು, ಅದರ ತುದಿಗೆ ಗುರುತು ಹಾಕಿ, ಅಲ್ಲಿಂದ ಮತ್ತೆ ಕಡ್ಡಿ ಇಟ್ಟು, ಹಾಗೇ ಮುಂದೆ ಹೋಗುತ್ತಾರಲ್ಲ, ಅದು ದೊಡ್ಡ ಮೋಸ. ಒಂದು ಸಲಕ್ಕೆ ಕಾಲಿಂಚು ತಪ್ಪಿದರೂ ಹನ್ನೊಂದನೇ ಚೌಕಕ್ಕೆ ಬರುವಷ್ಟರಲ್ಲಿ ಎರಡೂ ಮುಕ್ಕಾಲು ಇಂಚು ಹೋಗಿರುತ್ತದೆ. ಮುಂದಲೆ ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಒಂದೊಂದೇ ಚೌಕ ನೋಡಿದರೆ ಸರಿಯಾಗಿಯೇ ಕಾಣುತ್ತದೆ.

ಎದುರುಬದುರಿನ ಗುರುತಿಗೆ ನೂಲು ಹೊಡೆಯಿರಿ. ಮುಖದ ಚೌಕಗಳಿಗೆ ಮೂರೂವರೆ ಇಂಚಿನ ಮರಿ ಚೌಕ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ. ಅಕ್ಷರ, ಅಂಕಿಗಳನ್ನು ಚೌಕಟ್ಟಿನ ಹೊರಗೆ ಎರಡೂ ಕಡೆ ಬರೆಯಿರಿ. ಏಣಿ ಮೇಲೆ ಹತ್ತಿದಾಗ ಕೆಳಗೆ ಬರೆದ ಅಕ್ಷರ ಕಾಣುವುದಿಲ್ಲ, ಮೇಲೂ ಬರೆದಿರಬೇಕು.

ಪೆನ್ಸಿಲ್‌ನಲ್ಲಿ ಚೌಕ ಹಾಕಬೇಡಿ. ಹಳದಿ, ತಿಳಿ ನೀಲಿಯಂಥ ಬಣ್ಣ ಹಚ್ಚುವಾಗ ಸೀಸದ ಪುಡಿ ಬ್ರಷ್‌ಗೆ ಹತ್ತಿ ಬೂದುಬೂದಾಗುತ್ತದೆ. ಮಾರ್ಕರ್ ಪೆನ್ನಂತೂ ಮೇಲೆ ಎರಡು ಕೋಟು ಹೊಡೆದರೂ ಮತ್ತೆ ಮೇಲಕ್ಕೆ ಬಂದು ಇಣುಕುತ್ತದೆ.

ಹಂತ 7: ಬಿಡಿಸುವುದು

ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಅಂತ ನೋಡುತ್ತೀರಿ, ಇಲ್ಲಿ ಗೆರೆಯು ಚೌಕದ ಅಂಚನ್ನು ಎಲ್ಲಿ ದಾಟುತ್ತದೆ ಅಂತ ನೋಡಬೇಕು.

ಲಗ್ನಪತ್ರಿಕೆ ತೆಗೆಯಿರಿ. ಅದರ ಮಧ್ಯೆ ಸರಿಯಾಗಿ ಒಂದು ಇಂಚಿನ ಚೌಕ ಕಿಂಡಿ ಕತ್ತರಿಸಿ. ಅದನ್ನು ಪ್ರಿಂಟ್ ಮೇಲೆ ಗ-5ರ ಮೇಲೆ ಇಡಿ. ಈಗ ಕಣ್ಣು, ಹುಬ್ಬು ಅಂತ ಏನೂ ಇಲ್ಲ. ಒಂದು ಕಪ್ಪು ಗೆರೆ ಚೌಕದ ಮಧ್ಯದಿಂದ ಸ್ವಲ್ಪ ಎಡಕ್ಕೆ ಶುರುವಾಗಿ, ಮೇಲೇರಿ, ಬಲ ಅಂಚನ್ನು ಮೇಲಿನಿಂದ ಕಾಲು ಭಾಗದಲ್ಲಿ ದಾಟುತ್ತದೆ. ಗೋಡೆಯ ಗ-5ರಲ್ಲಿ ಬಲ ಅಂಚಿನ ಮೇಲೆ, ಮೇಲಿನಿಂದ ಒಂದೂ ಮುಕ್ಕಾಲು ಇಂಚಿಗೆ ಚುಕ್ಕಿ ಇಡಿ. ಶುರುವಿನ ಜಾಗಕ್ಕೆ ಇನ್ನೊಂದು ಚುಕ್ಕಿ. ಗೆರೆ ಎಷ್ಟು ಡೊಂಕಾಗಿದೆ ನೋಡಿ, ಸೇರಿಸಿ. ಆಯ್ತು. ಹುಬ್ಬು ಅಂತ ಗೊತ್ತಾದ ಕೂಡಲೇ ಕೈ ತನಗೆ ಗೊತ್ತಿರುವ ಹುಬ್ಬನ್ನೇ ಬಿಡಿಸಿಬಿಡುತ್ತದೆ, ಅದನ್ನು ತಪ್ಪಿಸಲಿಕ್ಕೇ ಈ ಕಿಂಡಿ.

ಮೊದಲು ಇಡೀ ಚಿತ್ರದ ಹೊರಗೆರೆಗೆ ಅಂಚಿನ ಚುಕ್ಕಿಗಳನ್ನು ಇಟ್ಟು ಸೇರಿಸಿ. ಕಣ್ಣು, ಆಭರಣ, ಮುಂದಲೆಯ ಪಟ್ಟಿಗಳು ಆಮೇಲೆ. ಒಂದು ಕಣ್ಣನ್ನು ರೆಪ್ಪೆ ಸಮೇತ ಮುಗಿಸಿ, ಆಮೇಲೆ ಕೆನ್ನೆ ಎಲ್ಲಿ ಬರುತ್ತದೆ ಅಂತ ಹುಡುಕಬೇಡಿ.

ಎರಡೂ ಕಡೆ ಒಂದೇ ಥರ ಇರುವ ಚಿತ್ರವಾದರೆ ಜೋಡಿ ಚೌಕಗಳನ್ನು ಜೊತೆಜೊತೆಗೇ ಬಿಡಿಸಿ: ಗ-5 ಆದ ಕೂಡಲೇ ಛ-5. ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿ ತಕ್ಷಣ ಕಾಣುತ್ತದೆ.

ಏಣಿ ಇಳಿಜಾರಲ್ಲಿ ಇದ್ದರೆ ಕೆಳಗೆ ಒಬ್ಬರು ಹಿಡಿದೇ ಇರಬೇಕು. ಬೆಂಚಿನ ಮೇಲೆ ಕುರ್ಚಿ ಇಡುವ ಸಾಹಸ ಬೇಡ. ಗೋಡೆ ಪಕ್ಕ ಕರೆಂಟ್ ವೈರ್ ಇದ್ದರೆ ಕಬ್ಬಿಣದ ಏಣಿ ತರಬೇಡಿ.

ಹಂತ 8: ದೂರ ಹೋಗಿ ನೋಡಿ

ಪ್ರತಿ ಎರಡು ಸಾಲಿಗೊಮ್ಮೆ ಇಳಿದು, ಇಪ್ಪತ್ತು ಅಡಿ ಹಿಂದೆ ಬಂದು ನೋಡಿ. ಮೊಬೈಲ್ ಫೋಟೊ ತೆಗೆಯಿರಿ, ಗೋಡೆಯ ನೇರ ಎದುರಿಗೆ ನಿಂತು, ಚಿತ್ರದ ಮಧ್ಯದ ಎತ್ತರದಲ್ಲಿ ಹಿಡಿದು. ಪಕ್ಕದಿಂದ ತೆಗೆದ ಫೋಟೊದಲ್ಲಿ ಸರಿಯಾದ ಚಿತ್ರವೂ ಸೊಟ್ಟ ಕಾಣುತ್ತದೆ. ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ನೋಡಿ, ಫೋಟೊ ತಿದ್ದುವ ಬಹಳಷ್ಟು ಆ್ಯಪ್‌ಗಳಲ್ಲಿ ಆ ಗುಂಡಿ ಇರುತ್ತದೆ. ಇಷ್ಟು ಹೊತ್ತು ಕಾಣದಿದ್ದ ತಪ್ಪು ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ.

ಏನೋ ಸರಿಯಿಲ್ಲ ಅನ್ನಿಸಿದರೆ ಕಣ್ಣಂದಾಜಿನಲ್ಲಿ ತಿದ್ದಬೇಡಿ. ಮೊದಲು ಚೌಕದ ಹೆಸರು ನೋಡಿ. ಬಹಳ ಸಲ ಒಂದು ಸಾಲು ತಪ್ಪಿರುತ್ತದೆ, 6ರಲ್ಲಿ ಬರಬೇಕಾದದ್ದು 7ರಲ್ಲಿ. ಪಕ್ಕದ ಎರಡು ಚೌಕಗಳ ಗೆರೆ ಅಂಚಿನಲ್ಲಿ ಒಂದಕ್ಕೊಂದು ಸೇರುತ್ತಿಲ್ಲ ಅಂದರೂ ಅಲ್ಲೇ ನಿಲ್ಲಿಸಿ, ಎರಡರಲ್ಲಿ ಒಂದು ಖಂಡಿತ ತಪ್ಪು.

ತೀರಾ ಎತ್ತರದ ಗೋಡೆಯಲ್ಲಿ ಕೆಳಗೆ ನಿಂತು ನೋಡುವವರಿಗೆ ಮೇಲಿನ ಭಾಗ ಸಣ್ಣದಾಗಿ ಕಾಣುತ್ತದೆ. ನಮ್ಮ ಸುಮಾರು ಆರೂವರೆ ಅಡಿಯ ಚಿತ್ರಕ್ಕೆ ಇದರ ಚಿಂತೆ ಬೇಡ.

ಹಂತ 9: ಗೆರೆ ಕೂರಿಸುವುದು, ಚೌಕ ಒರೆಸುವುದು

ಸೀಮೆಸುಣ್ಣದ ಗೆರೆಯನ್ನು ರಾತ್ರಿ ಹಾಗೇ ಬಿಟ್ಟು ಹೋಗಬೇಡಿ, ಬೆಳಿಗ್ಗೆ ಬರುವಾಗ ಅರ್ಧ ಇರುವುದಿಲ್ಲ. ಎಮಲ್ಷನ್ ಬಣ್ಣಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿ, ಕಾವಿ ಬಣ್ಣವಾದರೆ ಒಳ್ಳೆಯದು, 4ನೇ ನಂಬರ್ ಬ್ರಷ್‌ನಲ್ಲಿ ಗೆರೆ ಮೇಲೆ ಎಳೆಯಿರಿ. ಕಡು ಕಪ್ಪಲ್ಲಿ ಎಳೆದರೆ ಮುಂದೆ ಅದನ್ನು ಮುಚ್ಚಲು ಸಾಕುಸಾಕಾಗುತ್ತದೆ. ಒಂದು ದಿನ ಒಣಗಿದ ಮೇಲೆ ಒದ್ದೆ ಬಟ್ಟೆ ಹಿಂಡಿ, ಮೇಲಿಂದ ಕೆಳಕ್ಕೆ ಒರೆಸಿ. ಪುಡಿ ಉಳಿದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ, ಅದಕ್ಕೇ ಎರಡು ಸಲ ಒರೆಸಿ.

ಚೌಕವೇ ಬೇಡ ಅನ್ನುವವರಿಗೆ

ಇಪ್ಪತ್ತು ಮೂವತ್ತಡಿ ಗೋಡೆಗೆ ನೂಲು ಹೊಡೆಯುವುದು ನಿಜಕ್ಕೂ ಕಷ್ಟ. ಅಲ್ಲಿ ಗೀಚು ವಿಧಾನ ಇದೆ. ಗೋಡೆ ತುಂಬಾ ತೆಳ್ಳಗಿನ ಬಣ್ಣದಲ್ಲಿ ಸುಮ್ನೆ ಏನಾದರೂ ಗೀಚಿ: ಅಕ್ಷರ, ಸುಳಿ, ಮೀನು, ನಿಮ್ಮ ಹೆಸರು. ಒಂದರ ಹಾಗೆ ಇನ್ನೊಂದು ಇರಬಾರದು. ನೇರ ಎದುರಿಂದ ಫೋಟೊ ತೆಗೆದು, ಮೊಬೈಲ್‌ನಲ್ಲಿ ಆ ಫೋಟೊ ಮೇಲೆ ನಿಮ್ಮ ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ ಕೂರಿಸಿ. ಮೂಗಿನ ತುದಿ 'ಳ' ಅಕ್ಷರದ ಹೊಟ್ಟೆಯಲ್ಲಿ, ಕಿವಿ ಮೀನಿನ ಬಾಲದ ಪಕ್ಕ, ಹೀಗೆ ನೋಡಿಕೊಂಡು ಬಿಡಿಸುತ್ತಾ ಹೋಗುವುದು. ವೇಗ ಜಾಸ್ತಿ. ಆದರೆ ಫೋಟೊ ಓರೆಯಾಗಿದ್ದರೆ ಚಿತ್ರವೂ ಓರೆ, ಮತ್ತು ನೇರ ಗೆರೆಗಳಿರುವ ಕಟ್ಟಡ, ಅಕ್ಷರಗಳಿಗೆ ಇದು ಒಗ್ಗುವುದಿಲ್ಲ.

ಅಂಚಿನಲ್ಲಿ ಒಂದೇ ಹೂವು ಇಪ್ಪತ್ತು ಸಲ ಬರಬೇಕಾದರೆ ಚೌಕವೂ ಬೇಡ, ಗೀಚುವುದೂ ಬೇಡ. ಒಂದು ಸಲ ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಬಿಡಿಸಿ, ಗೆರೆ ಗುಂಟ ಸೂಜಿಯಲ್ಲಿ ಒತ್ತೊತ್ತಾಗಿ ತೂತು ಮಾಡಿ, ಗೋಡೆಗೆ ಅಂಟಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ ಸೀಮೆಸುಣ್ಣದ ಪುಡಿಯಿಂದ ತಟ್ಟಿ. ಸೀರೆ, ರವಿಕೆಗೆ ಕಸೂತಿ ಟ್ರೇಸ್ ಮಾಡುವವರದ್ದೂ ಇದೇ ಉಪಾಯ, ಅವರು ಸೀಮೆಎಣ್ಣೆಯಲ್ಲಿ ನೀಲಿ ಕಲಸಿ ಒರೆಸುತ್ತಾರೆ. ಗೋಡೆಗೆ ಸೀಮೆಎಣ್ಣೆ ಮುಟ್ಟಿಸಬೇಡಿ, ಅದರ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ.

ಚೌಕ ಹಾಕಿದ ಪ್ರಿಂಟನ್ನು ಕೆಲಸ ಮುಗಿದ ಮೇಲೆ ಎಸೆಯಬೇಡಿ. ಯಾವ ಬಣ್ಣಕ್ಕೆ ಯಾವ ಸ್ಟೈನರ್ (ಬಣ್ಣಕ್ಕೆ ಬೆರೆಸುವ ಗಾಢ ಬಣ್ಣ) ಎಷ್ಟು ಹಾಕಿದಿರಿ ಅಂತ ಅದರ ಹಿಂದೆ ಬರೆದು ಶಾಲೆಯ ಬೀರುವಿನಲ್ಲಿ ಇಡಿ. ಎರಡು ಮಳೆಗಾಲ ಕಳೆದ ಮೇಲೆ ಮೊದಲ ಸಾಲಿನ ಬಣ್ಣ ಏಳುತ್ತದೆ. ಆಗ ಖ-1, ಗ-1 ಮಾತ್ರ ಮತ್ತೆ ಬಿಡಿಸಲು ಬರುವವರು ನೀವೇ ಆಗಿರಬೇಕು ಅಂತೇನಿಲ್ಲ.